ಅರಳು ಮರಳೆಂದು ಕೈಬಿಡಬೇಡಿ

ಲುಹರ್ ನಮಾಝ್ ಮುಗಿಸಿದ ಅಜ್ಜಿ ಅರ್ಧ ಗಂಟೆಯಲ್ಲಿ ಪುನಃ ವುಝೂ ಮಾಡಿ ಮುಸಲ್ಲಾದ ಮೇಲೆ ನಿಲ್ಲುತ್ತಾರೆ. ಉಂಡ ಕೈ ಒಣಗುವ ಮೊದಲೇ ತನಗೆ ಯಾರೂ ಊಟ ಕೊಡಲಿಲ್ಲವೆಂದು ನೆರೆಮನೆಯವರಲ್ಲಿ ದೂರುತ್ತಾರೆ. ತಾವೇ ದಿಂಬಿನಡಿ ಇಟ್ಟ ಬಳೆ ಕಾಣದಿದ್ದಾಗ ಸೊಸೆಯ ಮೇಲೆ ಸಂಶಯಪಡುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಮಗ ಗಲ್ಫ್‌ನಲ್ಲಿರುತ್ತಾನೆ. ತಾಯಿಯ ದೂರು, ಹೆಂಡತಿಯ ಅಳು ಎರಡೂ ಫೋನಿನಲ್ಲೇ ಅವನನ್ನು ತಲುಪುತ್ತವೆ. ಇದು ಸ್ವಭಾವವೋ ಕಾಯಿಲೆಯೋ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪ್ರಾಯವಾದಂತೆ ಹೆಸರು ತಟ್ಟನೆ ನೆನಪಾಗದಿರುವುದು ಸಹಜ. ಆದರೆ ದಿನಾ ಮಾಡುವ ಅಡುಗೆಯ ಕ್ರಮವೇ ಮರೆತುಹೋಗುವುದು, ಗೊತ್ತಿರುವ ಓಣಿಯಲ್ಲಿ ದಾರಿ ತಪ್ಪುವುದು, ಹತ್ತಿರದವರ ಗುರುತು ಸಿಗದಿರುವುದು ಸಹಜವಲ್ಲ. ಇದು ಡಿಮೆನ್ಶಿಯಾ ಎಂಬ ಕಾಯಿಲೆಯ ಲಕ್ಷಣವಾಗಿರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಗುಣವಾಗುವ ಮರೆವೂ ಇದೆ

ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮನೋಖಿನ್ನತೆ ಇವೆಲ್ಲ ನೆನಪನ್ನು ಕೆಡಿಸುತ್ತವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು. ನಿದ್ದೆ ಮಾತ್ರೆ ಹಾಗೂ ಅಲರ್ಜಿಯ ಕೆಲವು ಮಾತ್ರೆಗಳೂ ಮಂಕು ತರುತ್ತವೆ. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾದ ವೃದ್ಧರಲ್ಲಿ ಕೆಲವು ವಾರಗಳ ಬಳಿಕ ಮೆದುಳಿನ ಮೇಲೆ ರಕ್ತ ಶೇಖರವಾಗಿ ಮರೆವು ಕಾಣಿಸಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ಆದ್ದರಿಂದ 'ಅರವತ್ತಕ್ಕೆ ಅರಳು ಮರಳು' ಎಂದು ಸುಮ್ಮನಿದ್ದರೆ ಗುಣವಾಗಬಹುದಾದ ಕಾಯಿಲೆಯನ್ನು ನಾವೇ ಬೆಳೆಸಿದಂತಾಗುತ್ತದೆ.

ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಕುಮಟಾದವರಿಗೆ ಇನ್ನೂ ದೂರ. ಹಾಗಾಗಿ ಮೊದಲು ಊರಿನ ವೈದ್ಯರಿಂದಲೇ ರಕ್ತಪರೀಕ್ಷೆ ಮಾಡಿಸಿ, ವರದಿಯನ್ನೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ನರರೋಗ ತಜ್ಞರ ಬಳಿ ಹೋಗುವುದು ಒಳ್ಳೆಯದು. ಬದಲಾವಣೆ ಯಾವಾಗ, ಹೇಗೆ ಶುರುವಾಯಿತೆಂದು ಬರೆದಿಟ್ಟುಕೊಳ್ಳಿ. ಸದಾ ಜೊತೆಗಿರುವ ಸೊಸೆ ಅಥವಾ ಮಗಳೇ ಅದನ್ನು ಸರಿಯಾಗಿ ಹೇಳಬಲ್ಲಳು.

ಪರೀಕ್ಷೆ ಮನೆಮಾತಿನಲ್ಲಿರಲಿ

ನೆನಪಿನ ಪರೀಕ್ಷೆ ಎಂದರೆ ಬಹುಮಟ್ಟಿಗೆ ಪ್ರಶ್ನೋತ್ತರ. ದಿನಾಂಕ ಹೇಳಬೇಕು, ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ನಂತರ ಪುನಃ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂತಹ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದೆ. ಆದರೆ ನಮ್ಮ ಕರಾವಳಿಯ ಅನೇಕ ಹಿರಿಯ ಮಹಿಳೆಯರ ಮನೆಮಾತು ನವಾಯತಿ ಅಥವಾ ಉರ್ದು. ಅರ್ಥವಾಗದ ಪ್ರಶ್ನೆಗೆ ಉತ್ತರಿಸದಿದ್ದರೆ ಅದು ಮರೆವಲ್ಲ. ಆದ್ದರಿಂದ ಅವರ ಭಾಷೆ ಯಾವುದು, ಅವರು ಎಷ್ಟು ಓದಿದ್ದಾರೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಪ್ರಶ್ನೆಯನ್ನು ಅನುವಾದಿಸುವಾಗ ಉತ್ತರದ ಸುಳಿವು ಕೊಡಬೇಡಿ.

ಭಾಷೆಯ ವಿಷಯದಲ್ಲಿ ಸಂತೋಷದ ಸಂಗತಿಯೊಂದಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನಲ್ಲಿ 648 ರೋಗಿಗಳ ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ವ್ಯತ್ಯಾಸವಿತ್ತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 2018ರಿಂದ 45 ದಾಟಿದವರ ನೆನಪು ಮತ್ತು ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ.

ಔಷಧಿ ಎಷ್ಟು, ಆರೈಕೆ ಎಷ್ಟು?

ಡಿಮೆನ್ಶಿಯಾದ ಮುಖ್ಯ ಕಾರಣವಾದ ಅಲ್ಝೈಮರ್ ಕಾಯಿಲೆಗೆ ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮೊದಲಾದ ಔಷಧಿಗಳಿವೆ. ಇವು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಹತೋಟಿಯಲ್ಲಿಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಎಂಬ ಹೊಸ ಔಷಧಿಗಳಿಗೆ ಅನುಮತಿ ದೊರೆಯಿತು. ಇವು ಆರಂಭದ ಹಂತದವರಿಗೆ ಮಾತ್ರ. ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆಯೇ ಹೊರತು ಹೋದ ನೆನಪನ್ನು ಮರಳಿಸುವುದಿಲ್ಲ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವಿರುವುದರಿಂದ ಪದೇ ಪದೇ ಸ್ಕ್ಯಾನಿಂಗ್ ಬೇಕು. ಮರೆವು ಪೂರ್ತಿ ಗುಣಪಡಿಸುತ್ತೇವೆಂಬ ಜಾಹೀರಾತುಗಳಿಗೆ ಹಣ ಸುರಿಯಬೇಡಿ.

ತಡೆಯುವ ದಾರಿ ನಮ್ಮ ಕೈಯಲ್ಲೂ ಇದೆ. 2024ರ ಲ್ಯಾನ್ಸೆಟ್ ಆಯೋಗದ ವರದಿಯು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ಒಂಟಿತನ, ವಿದ್ಯೆಯ ಕೊರತೆ ಸೇರಿ 14 ಕಾರಣಗಳನ್ನು ಗುರುತಿಸಿದೆ. ಇವನ್ನು ನಿವಾರಿಸಿದರೆ ಸುಮಾರು ಶೇಕಡಾ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುತ್ತದೆ ವರದಿ. ಹೆಣ್ಣು ಮಕ್ಕಳನ್ನು ಓದಿಸುವುದೂ, ಅಜ್ಜಿಗೆ ಶ್ರವಣ ಸಾಧನ ಕೊಡಿಸುವುದೂ ಇದರಲ್ಲಿ ಸೇರಿತು.

ಮನುಷ್ಯರಲ್ಲಿ ಕೆಲವರು ಎಲ್ಲವನ್ನೂ ತಿಳಿದ ಬಳಿಕ ಏನೂ ತಿಳಿಯದ ಪ್ರಾಯಕ್ಕೆ ಮರಳುತ್ತಾರೆಂದು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ನೆನಪಿಸುತ್ತದೆ. ವೃದ್ಧ ತಂದೆ ತಾಯಿಗೆ 'ಉಫ್' ಎನ್ನುವುದನ್ನೂ ಬನೀ ಇಸ್ರಾಈಲ್ ಅಧ್ಯಾಯ ತಡೆದಿದೆ. ಹಾಗೆಯೇ ಚಿಕಿತ್ಸೆ ಪಡೆಯಿರೆಂಬುದು ಪ್ರವಾದಿ(ಸ)ರ ಬೋಧನೆ. ಬುದ್ಧಿ ಪೂರ್ಣವಾಗಿ ಹೋದವರ ಮೇಲೆ ನಮಾಝ್, ಉಪವಾಸಗಳ ಹೊಣೆಯಿಲ್ಲ. ಅಜ್ಜಿ ಎರಡನೇ ಬಾರಿ ನಮಾಝಿಗೆ ನಿಂತರೆ ಗದರಿ ಎಬ್ಬಿಸಬೇಡಿ. 'ಊಟ ಆಯಿತಲ್ಲ' ಎಂದು ವಾದಿಸುವ ಬದಲು ಒಂದು ಬಿಸ್ಕತ್ತು ಕೊಟ್ಟು ಬೇರೆ ಮಾತು ತೆಗೆಯಿರಿ.

ಆದರೆ ಸಹನೆಯ ಭಾರವೆಲ್ಲ ಸೊಸೆಯೊಬ್ಬಳದೇ ಆಗಬಾರದು. ಕುರ್‌ಆನ್ ಆ ಆಜ್ಞೆಯಿತ್ತಿರುವುದು ಮಕ್ಕಳಿಗೆ. ದೂರದ ಮಗ ಹಣದ ಜೊತೆ ಸಮಾಧಾನದ ಮಾತನ್ನೂ ಕಳಿಸಲಿ, ಹೆಣ್ಣು ಮಕ್ಕಳು ಸರದಿಯಂತೆ ಬಂದು ಆಕೆಗೆ ಬಿಡುವು ಕೊಡಲಿ. ಮನಸ್ಸು ಸೋತಾಗ ಸರಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಮ್ಮ ಹಿರಿಯರು ನಮ್ಮ ಹೆಸರು ಮರೆಯಬಹುದು. ಅವರು ಯಾರೆಂಬುದನ್ನು ನಾವು ಮರೆಯದಂತೆ ಅಲ್ಲಾಹನು ಅನುಗ್ರಹಿಸಲಿ, ಆಮೀನ್.