ನಿಮಗಿದು ಗೊತ್ತೆ? ಮಳೆ ಬಿದ್ದರೆ ಉಬ್ಬುವ ನೆಲ!

ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುವ ಸಿರುಗುಪ್ಪ, ಕುರುಗೋಡು ಸೀಮೆಯ ಎರೆನೆಲ ಮಳೆ ಹಿಡಿದರೆ ಉಬ್ಬಿ, ತನ್ನ ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ! ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಸೇರುವುದೇ ಇದಕ್ಕೆ ಕಾರಣ. ಒದ್ದೆಯಾದಾಗ ಈ ಮಣ್ಣು ಅಂಟಂಟು. ಹೇಳಿದ ಆಕಾರಕ್ಕೆ ಬಗ್ಗುತ್ತದೆ. ಕಾರಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆಗೆ ಬಳ್ಳಾರಿ ಭಾಗದ ಮಕ್ಕಳು ಇದನ್ನೇ ನಾದಿ ಜೋಡೆತ್ತು ಮಾಡುತ್ತಾರೆ. ಚಿಣ್ಣರಿಗೆ ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆಯ ಬಯಲು ಪಾಠ ಇನ್ನೊಂದಿಲ್ಲ. ಆದರೆ ಹಸಿ ಎತ್ತನ್ನು ಬಿಸಿಲಿಗಿಡಬಾರದು. ಮಣ್ಣು ಕುಗ್ಗಿ ಸೀಳುತ್ತದೆ. ನೆರಳಲ್ಲೇ ನಿಧಾನವಾಗಿ ಆರಬೇಕು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಅಮಾವಾಸ್ಯೆಯ ಮರುದಿನ ಮಕ್ಕಳ ದಂಡು ಕಾಲು ಮುರಿದ ‘ಕುಂಟೆತ್ತು’ ಹಿಡಿದು, ಹಾಡುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತದೆ.