ಬಸುರಿಗೆ ಹಾಸಿಗೆಯೇ ಆರೈಕೆಯೆ?

ಬಸುರಿ ಹೆಂಗಸು ಎದ್ದು ಓಡಾಡಿದರೆ ಸಾಕು, “ಕೂತ್ಕೊಳ್ಳೇ ತಂಗಿ, ನಿಂಗೆಂತಕ್ಕೆ ಈ ಕೆಲ್ಸ?” ಎನ್ನುವವರು ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಬಹಳ. ಪ್ರೀತಿಯಿಂದಲೇ ಹೇಳುತ್ತಾರೆ. ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದಿ, ಒರಳಲ್ಲಿ ರುಬ್ಬಿ, ಕೊಟ್ಟಿಗೆ ಬಳಿದು ಹೆತ್ತವರು. ಆ ದುಡಿತ ಅತಿಯೇ ಆಗಿತ್ತು, ಅದನ್ನು ನಾನು ಹೊಗಳುವುದಿಲ್ಲ. ಈಗಲೂ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತಿರುಗುವ ಬಸುರಿಗೆ ಬೇಕಾದ್ದು ವಿಶ್ರಾಂತಿಯೇ. ನಾನು ಹೇಳುವುದು ಪಂಪು, ಮಿಕ್ಸರು, ಗ್ಯಾಸು ಬಂದ ಮನೆಗಳ ಮಾತು. ಅಲ್ಲಿ ಕೆಲಸ ಹೋಯಿತು, ‘ಇಬ್ಬರ ಊಟ’ ಮಾತ್ರ ಉಳಿಯಿತು!

ನಮ್ಮ ಕೇರಿಯ ಒಬ್ಬ ಸೊಸೆಯನ್ನು ಮೂರನೇ ತಿಂಗಳಿಂದಲೇ ಮಂಚ ಇಳಿಯಗೊಡಲಿಲ್ಲ. ಏಳನೇ ತಿಂಗಳಲ್ಲಿ ಸಕ್ಕರೆ ಏರಿತು. ಮಗು ನಾಲ್ಕು ಕಿಲೋ ಇತ್ತು. ಎಲ್ಲರಿಗೂ ಖುಷಿಯೋ ಖುಷಿ. ಆದರೆ ಹುಟ್ಟಿದ ಎರಡು ಗಂಟೆಯೊಳಗೆ ಮಗುವಿನ ಸಕ್ಕರೆ ಇಳಿದು, ಎರಡು ದಿನ ತಾಯಿಯಿಂದ ಬೇರೆ ಇಡಬೇಕಾಯಿತು.

ಇದು ಹೇಗೆ ಅಂತೀರಾ? ಬಸುರಿನಲ್ಲಿ ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಕೈಕಾಲು ಆಡಿದರೆ ಮಾಂಸಖಂಡಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಆಡದಿದ್ದರೆ ಅದು ರಕ್ತದಲ್ಲೇ ನಿಂತು ಮಗುವಿಗೂ ಹರಿಯುತ್ತದೆ. ಮಗು ಅದಕ್ಕೆ ತಕ್ಕಂತೆ ಇನ್ಸುಲಿನ್ ಹೆಚ್ಚು ಮಾಡಿಕೊಂಡು ದಪ್ಪವಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಸಕ್ಕರೆ ಬರುವುದು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿಯುತ್ತದೆ. ಸುಮ್ಮನೆ ಕೂರುವುದೊಂದೇ ಕಾರಣವಲ್ಲ. ವಂಶ, ವಯಸ್ಸು, ಮೊದಲೇ ಇದ್ದ ತೂಕ ಎಲ್ಲವೂ ಸೇರುತ್ತದೆ. ಆದರೆ ನಮ್ಮ ಕೈಯಲ್ಲಿರುವುದು ಓಡಾಟವೇ ತಾನೆ? ಮಲಗಿಯೇ ಇದ್ದರೆ ತೂಕ ಏರುವುದು, ಮಲಬದ್ಧತೆ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳನ್ನು ಮುಂದೆಯೂ ನೋಡುತ್ತ ಬಂದರು. ಆ ತಾಯಂದಿರ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೇ ಚರ್ಮದಡಿ ಕೊಬ್ಬು ಹೆಚ್ಚು, ಇನ್ಸುಲಿನ್ನೂ ಹೆಚ್ಚು ಕಂಡಿತು.

ತೊಂದರೆಯಿಲ್ಲದ ಬಸುರಿ ವಾರಕ್ಕೆ 150 ನಿಮಿಷವಾದರೂ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಹೆದರಬೇಡಿ, ಊಟ-ತಿಂಡಿಯಾದ ಮೇಲೆ ಹತ್ತತ್ತು ನಿಮಿಷ, ದಿನಕ್ಕೆ ಮೂರು ಸಲ ನಡೆದರೆ ಆಯಿತು. ನಡೆಯುತ್ತ ಮಾತಾಡಲು ಆಗಬೇಕು, ಏದುಸಿರು ಬರಬಾರದು. ನಮ್ಮ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಇಳಿಯಲೇಬೇಡಿ, ಜಗುಲಿಯಲ್ಲೇ ಆಚೆ ಈಚೆ ನಡೆಯಿರಿ. ಸೊಪ್ಪು ಬಿಡಿಸುವುದು, ಬಟ್ಟೆ ಮಡಚುವುದು ಒಳ್ಳೆಯದೇ, ಆದರೆ ಅದು ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ. ತುಂಬಿದ ಕೊಡ, ಅಕ್ಕಿ ಮೂಟೆ ಎತ್ತುವುದು ಬೇಡ.

ರಕ್ತಸ್ರಾವ, ಮಾಸು ಕೆಳಗಿರುವುದು, ರಕ್ತದೊತ್ತಡ, ತೀರಾ ರಕ್ತಹೀನತೆ, ಅವಳಿ ಬಸುರು ಇದ್ದವರು ಡಾಕ್ಟರರನ್ನು ಕೇಳದೆ ಏನನ್ನೂ ಶುರು ಮಾಡಬಾರದು. ನಡೆಯುವಾಗ ತಲೆಸುತ್ತು, ನೀರು ಹೋಗುವುದು, ಹೊಟ್ಟೆನೋವು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

2016ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೆ ಉಚಿತ ತಪಾಸಣೆಯಿದೆ. ತಾಯಿ ಕಾರ್ಡ್ ಹಿಡಿದು ಹೋಗಿ, ಗ್ಲೂಕೋಸ್ ಪರೀಕ್ಷೆ ಕೇಳಿ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ; 140 ಅಥವಾ ಹೆಚ್ಚಿದ್ದರೆ ಕಾಯಿಲೆಯೆಂದು ಲೆಕ್ಕ. ಮೊದಲ ಸಲ ಸರಿ ಇದ್ದರೂ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡಿಸಲೇಬೇಕು. ಅತ್ತೆಯವರು “ಇನ್ನೊಂದ್ಸಲ ಯಾಕೆ?” ಎಂದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.