ಮೂಳೆ ಕಸಿ ವಸ್ತುಗಳು (ದಂತ ಚಿಕಿತ್ಸೆ)

ಡೆಂಟಲ್ ಇಂಪ್ಲಾಂಟ್ ಅಳವಡಿಸಲು ದವಡೆಯಲ್ಲಿ ಸಾಕಷ್ಟು ಮೂಳೆ ಇಲ್ಲದಿದ್ದಾಗ, ಹೊಸ ಮೂಳೆ ಬೆಳೆಯಲೆಂದು ಆ ಜಾಗದಲ್ಲಿ ತುಂಬುವ ಪದಾರ್ಥಗಳನ್ನು ಮೂಳೆ ಕಸಿ ವಸ್ತುಗಳು ಎನ್ನುತ್ತಾರೆ. ಹಲ್ಲು ಕಿತ್ತ ನಂತರ ಅದನ್ನು ಹಿಡಿದಿದ್ದ ಮೂಳೆ ಕರಗತೊಡಗುತ್ತದೆ. ಒಂದು ವರ್ಷದೊಳಗೆ ಅದರ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು.

ರೋಗಿಯ ಗದ್ದ, ದವಡೆಯ ಹಿಂಭಾಗ ಅಥವಾ ಸೊಂಟದಿಂದ ತೆಗೆದ ಸ್ವಂತ ಮೂಳೆಯಲ್ಲಿ ಜೀವಕೋಶಗಳೂ ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನುಗಳೂ ಇರುತ್ತವೆ. ಆದುದರಿಂದ ಅದನ್ನೇ ಅತ್ಯುತ್ತಮವೆಂದು ಪರಿಗಣಿಸಲಾಗಿದೆ. ಆದರೆ ಇದಕ್ಕಾಗಿ ದೇಹದ ಮೇಲೆ ಎರಡನೆಯ ಗಾಯ ಮಾಡಬೇಕಾಗುತ್ತದೆ. ದಾನಿಗಳ ಮೂಳೆಯನ್ನು ಸಂಸ್ಕರಿಸಿ ಒಣಗಿಸಿದ ಪುಡಿಯೂ ಬಳಕೆಯಲ್ಲಿದೆ.

ವ್ಯಾಪಕವಾಗಿ ಬಳಕೆಯಾಗುವ ಮತ್ತೊಂದು ವಸ್ತು ದನದ ಮೂಳೆಯ ಹರಳುಗಳು. ಸಾವಯವ ಅಂಶವನ್ನು ತೆಗೆದು ಉಳಿಸಿಕೊಂಡ ಈ ಖನಿಜ ಬಹಳ ನಿಧಾನವಾಗಿ ಕರಗುವುದರಿಂದ ತುಂಬಿದ ಜಾಗದ ಆಕಾರ ಉಳಿಯುತ್ತದೆ. ಇದು ತಾನೇ ಮೂಳೆಯನ್ನು ಹುಟ್ಟಿಸುವುದಿಲ್ಲ. ಸುತ್ತಲಿನ ಮೂಳೆಯಿಂದ ಬರುವ ರಕ್ತನಾಳಗಳಿಗೂ ಜೀವಕೋಶಗಳಿಗೂ ಕಟ್ಟಡದ ಸಾರವೆಯಂತೆ ಆಸರೆಯಾಗುತ್ತದೆ. ಬೀಟಾ-ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಂತಹ ಕೃತಕ ವಸ್ತುಗಳ ಕೆಲಸವೂ ಇದೇ. ಮೂಳೆ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಧೂಮಪಾನಿಗಳಲ್ಲಿ ಕಸಿ ವಿಫಲವಾಗುವ ಸಂಭವ ಹೆಚ್ಚು.

ದನ ಅಥವಾ ಹಂದಿಯ ಮೂಲದ ವಸ್ತುವನ್ನು ಧಾರ್ಮಿಕ ಕಾರಣದಿಂದಲೋ ವೈಯಕ್ತಿಕ ಕಾರಣದಿಂದಲೋ ಒಪ್ಪದ ರೋಗಿಗಳಿದ್ದಾರೆ. ಹೀಗಾಗಿ ವಸ್ತುವಿನ ಮೂಲವನ್ನು ಮೊದಲೇ ತಿಳಿಸಿ ಸಮ್ಮತಿ ಪಡೆಯುವುದು ಅಗತ್ಯ. ಕೃತಕ ವಸ್ತುವನ್ನೇ ಆರಿಸಿಕೊಂಡರೂ ಅದರ ಮೇಲೆ ಹೊದಿಸುವ ಕೊಲಾಜೆನ್ ಪೊರೆ ಸಾಮಾನ್ಯವಾಗಿ ಪ್ರಾಣಿಜನ್ಯವೇ ಆಗಿರುತ್ತದೆ.